ಅವನು ಯಾರು ಅಂತ ಮೊದಲು ಅಪ್ಪನಿಗೆ ಹೇಳಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವನ್ನು ತೆರೆಯಲು ಮನಸ್ಸಾಗಲಿಲ್ಲ. ಬರೆದವರು ಅಮೆರಿಕದ ಡಾಲಸ್‌ನಲ್ಲಿರುವ ಕನ್ನಡದ ವೈದ್ಯೆ. ಹೆಸರು ಬೇಡ ಎಂದಿದ್ದಾರೆ. ಹಾಗಾಗಿ ಡಾಕ್ಟರೇ ಎಂದು ಕರೆಯುತ್ತೇನೆ.

ಅವರಿಗೆ 37 ವರ್ಷ. ಜಮಖಂಡಿ ಕಡೆಯ ಹಳ್ಳಿಯವರು. ಜೆ-1 ಎಂಬ ವಿನಿಮಯ ವೀಸಾದಲ್ಲಿ ಹೋಗಿ ಅಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿ, ಮುಗಿಸಿದ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಇಲ್ಲವೇ ಡಾಕ್ಟರ್‌ಗಳ ಕೊರತೆ ಇರುವ ಊರಿನಲ್ಲಿ ಮೂರು ವರ್ಷ ದುಡಿಯಬೇಕು. ಕಾನ್ರಾಡ್ 30 ಎಂಬ ಯೋಜನೆ ಇದು, ಒಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ ಮಾತ್ರ. ಅದರಲ್ಲಿ ಇವರಿಗೆ ಸಿಕ್ಕಿದ್ದು ಪಶ್ಚಿಮ ಟೆಕ್ಸಸ್‌ನ ಸಣ್ಣ ಊರಿನ ಆಸ್ಪತ್ರೆ. ಅಲ್ಲಿ ಒಬ್ಬ ಕೌಬಾಯ್ ಪರಿಚಯವಾಯಿತು. ಸ್ವಂತ ಜಮೀನಿನವನಲ್ಲ. ಬೇರೆಯವರ ರ‍್ಯಾಂಚಿನಲ್ಲಿ ತಿಂಗಳ ಸಂಬಳಕ್ಕೆ ದನ ನೋಡಿಕೊಳ್ಳುವವನು. ಇರಲು ರ‍್ಯಾಂಚಿನವರೇ ಕೊಟ್ಟ ಮನೆ. ಎರಡೂವರೆ ವರ್ಷ ಜೊತೆಗಿದ್ದರು. ಆಸ್ಪತ್ರೆಯ ಕರಾರು ಮುಗಿದು ಡಾಕ್ಟರ್ ಹೊರಟಾಗ ಅವನು ಸಾಮಾನು ಕಟ್ಟಿಕೊಟ್ಟ. "ಇರು" ಅನ್ನಲಿಲ್ಲ.

ಆಮೇಲೆ ನಾಲ್ಕು ವರ್ಷ ಇಬ್ಬರೂ ಸುಮ್ಮನಿದ್ದರು. ಕಳೆದ ತಿಂಗಳು ಅಂಚೆಯಲ್ಲಿ ಒಂದು ಚೀಟಿ ಬಂದಿದೆ. "ಈ ಸಲ ಆನ್ಸನ್ ಡ್ಯಾನ್ಸಿಗೆ ಹೋಗುತ್ತಿದ್ದೇನೆ. ನೀನು ಬಂದರೆ ಸಂತೋಷ. ಬರದಿದ್ದರೂ ತಪ್ಪು ತಿಳಿಯುವುದಿಲ್ಲ." ಅಷ್ಟೇ. ಟೆಕ್ಸಸ್‌ನ ಆನ್ಸನ್ ಊರಿನ ಕ್ರಿಸ್‌ಮಸ್ ಕುಣಿತ ಅದು. ಡಾಕ್ಟರ್ ಕೇಳಿರುವುದು ಎರಡು ಪ್ರಶ್ನೆ. ಅಂದು ಬಾಯಿ ಬಿಡದವನು ಇಂದು ಕರೆದರೆ ಹೋಗುವುದು ನನ್ನ ಮರ್ಯಾದೆಗೆ ತಕ್ಕದ್ದೇ? ಅವನನ್ನು ಕ್ಷಮಿಸಬಹುದೇ?

ಡಾಕ್ಟರೇ, ಅವನ ಮೌನದ ಬಗ್ಗೆ ಎರಡು ಪುಟ ಬರೆದಿದ್ದೀರಿ. ಚೀಟಿಯ ಒಂದೊಂದು ಮಾತಿಗೂ ಅರ್ಥ ಹುಡುಕಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಎರಡನೇ ಪುಟದ ಕೊನೆಯಲ್ಲಿ, ಕಂಸದೊಳಗೆ, ಹೀಗೆ ಬರೆದಿದ್ದೀರಿ: "ಅಪ್ಪ ಅವ್ವ ಬಂದಾಗ ಪಕ್ಕದ ರ‍್ಯಾಂಚಿನ ಕೆಲಸದವರು, ಬೇಲಿ ರಿಪೇರಿಗೆ ಬರ್ತಾರೆ ಅಂತ ಪರಿಚಯ ಮಾಡಿದ್ದೆ. ಅವನಿಗೂ ಇಂಗ್ಲಿಷ್‌ನಲ್ಲಿ ಅದನ್ನೇ ಹೇಳಿದೆ. ಅವನು ಹ್ಯಾಟ್ ತೆಗೆದು ಯೆಸ್ ಮ್ಯಾಮ್ ಅಂದ. ಬೇಜಾರು ಮಾಡಿಕೊಳ್ಳಲಿಲ್ಲ."

ಬೇಜಾರು ಮಾಡಿಕೊಳ್ಳಲಿಲ್ಲ ಅಂತ ನೀವು ಹೇಗೆ ಹೇಳುತ್ತೀರಿ?

ಟೆಕ್ಸಸ್‌ನಲ್ಲಿ ಗಂಡಸರು ಯಾವ ಹೆಂಗಸಿಗಾದರೂ ಮ್ಯಾಮ್ ಅನ್ನುತ್ತಾರೆ, ಅದು ಅಲ್ಲಿನ ರೂಢಿ. ಆದರೆ ಆ ಹೊತ್ತಿಗೆ ಒಂದೂವರೆ ವರ್ಷದಿಂದ ಅವನು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದ. ರಾತ್ರಿ ಎರಡು ಗಂಟೆಗೆ ಚೊಚ್ಚಲ ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಾಗ ನೀವು ಟಾರ್ಚ್ ಹಿಡಿದಿರಿ, ಅವನು ಕರುವಿನ ಕಾಲಿಗೆ ಸರಪಳಿ ಹಾಕಿ ಎಳೆದ. ಆಮೇಲೆ ಇಬ್ಬರೂ ಒಂದೇ ಬಕೆಟ್ಟಿನಲ್ಲಿ ಕೈ ತೊಳೆದುಕೊಂಡಿರಿ. ನೀವೇ ಬರೆದದ್ದು ಇದೆಲ್ಲ. ಅಂಥವನ ಬಾಯಲ್ಲಿ ಆ ದಿನ ನೀವು ಮ್ಯಾಮ್ ಆದಿರಿ. ಕೆಲಸದವರು ಎಂದಿರಿ, ಅವನು ಕೆಲಸದವನ ಜಾಗಕ್ಕೆ ಹೋಗಿ ನಿಂತ. ಕೆಲಸದವನು ಡಾಕ್ಟರಮ್ಮನ ಕೈ ಹಿಡಿದು ಹೋಗಬೇಡ ಅನ್ನೋದು ಹೇಗೆ? ನಾಲ್ಕು ವರ್ಷದಿಂದ ನೀವು ಕೇಳಿಕೊಳ್ಳುತ್ತಿರುವ ಪ್ರಶ್ನೆಗೆ ಉತ್ತರ ನಿಮ್ಮ ಕಂಸದೊಳಗೇ ಇತ್ತು.

ಇದನ್ನು ನಿಮ್ಮ ಮನಸ್ಸು ನೋಯಿಸಲು ಬರೆಯುತ್ತಿಲ್ಲ. ಯಾಕೆ ಹಾಗೆ ಮಾಡಿದಿರಿ ಅಂತ ನನಗೆ ಅರ್ಥವಾಗುತ್ತದೆ. ಲೆಕ್ಕ ತಪ್ಪಿದ ಮಗುವಿಗೆ "ದನ ಕಾಯೋಕೆ ಹೋಗು" ಎಂದು ಬೈಯುವ ನಾಡು ನಮ್ಮದು. ಓದಿ ಮೇಲೆ ಬಂದ ಹುಡುಗಿ ಅಪ್ಪನ ಮುಂದೆ ನಿಂತು, ನಾನು ಮೆಚ್ಚಿದವನು ದನ ಕಾಯುತ್ತಾನೆ ಅನ್ನಲು ಎಷ್ಟು ಧೈರ್ಯ ಬೇಕು! ಅದರ ಮೇಲೆ ಬೇರೆ ದೇಶ, ಬೇರೆ ಧರ್ಮ, ವೀಸಾದ ಚಿಂತೆ. ಹೆದರಿದ್ದು ತಪ್ಪಲ್ಲ. ಆ ಹೆದರಿಕೆಯ ಸಾಲವನ್ನು ಅವನೊಬ್ಬನೇ ತೀರಿಸಿದ ಅನ್ನೋದನ್ನು ಮರೆತು, ಈಗ ಕ್ಷಮಿಸಲೇ ಎಂದು ಕೇಳುತ್ತಿದ್ದೀರಲ್ಲ, ಅದಕ್ಕೆ ನನ್ನ ತಕರಾರು.

ನನಗೆ ಜಾಸ್ತಿ ಸಿಟ್ಟು ಬಂದಿರುವುದು ಮಾತ್ರ ನಿಮ್ಮ ಅಣ್ಣನ ಮೇಲೆ. ಅವನಿಗೆ ಎಲ್ಲ ಗೊತ್ತಿತ್ತು. "ಅಪ್ಪನಿಗೆ ಬಿಪಿ ಇದೆ, ಈಗ ಹೇಳಬೇಡ" ಎಂದವನು ಅವನೇ. ಈ ಅಂಕಣ ಓದುವವರಿಗೆ ನನ್ನ ಅಭಿಪ್ರಾಯ ಗೊತ್ತು. ಅಪ್ಪನ ಬಿಪಿ ಮುಂದಿಟ್ಟು ಎಷ್ಟು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದ್ದಾರೆ ಅನ್ನುವುದು ಇಲ್ಲಿಗೆ ಬರುವ ಪತ್ರಗಳಲ್ಲೇ ಕಾಣುತ್ತದೆ. ಬಿಪಿಗೆ ಮಾತ್ರೆ ಇದೆ, ಅದನ್ನು ಬರೆದುಕೊಡುವ ಡಾಕ್ಟರ್ ನೀವೇ ಇದ್ದೀರಿ. ಈಗ ಅದೇ ಅಣ್ಣ ಡಿಸೆಂಬರ್ 25ಕ್ಕೆ ತನ್ನ ಮನೆಗೆ ಒಬ್ಬ ಸಾಫ್ಟ್‌ವೇರ್ ಹುಡುಗನನ್ನು ಊಟಕ್ಕೆ ಕರೆದಿದ್ದಾನೆ, ನಿಮ್ಮನ್ನು ಒಂದು ಮಾತೂ ಕೇಳದೆ. ಆ ಹುಡುಗ ಒಳ್ಳೆಯವನೇ ಇರಬಹುದು. ಪಾಪ, ಅವನಿಗೂ ಇದು ಅನ್ಯಾಯ. ನಾನು ಬರುವುದಿಲ್ಲ ಎಂದು ಅಣ್ಣನಿಗೆ ಇವತ್ತೇ ತಿಳಿಸಿ.

ಅಪ್ಪನ ವಿಷಯಕ್ಕೆ ಬರೋಣ. ತಮಾಷೆಯ ಪ್ರಸಂಗ ಅಂತ ಒಂದು ಸಂಗತಿ ಬರೆದಿದ್ದೀರಿ. ಅದನ್ನು ನಾನು ಮತ್ತೆ ಮತ್ತೆ ಓದಿದೆ. ಅವನು ನಿಮ್ಮ ಅಪ್ಪನನ್ನು ಪಿಕಪ್‌ನಲ್ಲಿ ಕೂರಿಸಿಕೊಂಡು ದನಗಳಿಗೆ ಮೇವು ಹಾಕಲು ಹೋದ. ಹಿಂದಿನಿಂದ ಹತ್ತಿಕಾಳಿನ ಹಿಂಡಿ ಸುರಿಯುತ್ತಾ ಹೋದಂತೆ ದನಗಳು ಸಾಲಾಗಿ ಓಡಿ ಬಂದವು. ನಿಮ್ಮ ಅಪ್ಪ ಅವುಗಳ ಭುಜದ ಡುಬ್ಬ ನೋಡಿ, "ಇವು ನಮ್ಮ ಕಡಿ ದನ ಇದ್ದಂಗ ಅದಾವಲ್ಲವ್ವಾ" ಅಂದರು. ನೀವು ನಕ್ಕು ಬಿಟ್ಟಿರಿ.

ನಗಬಾರದಿತ್ತು. ನಿಮ್ಮ ಅಪ್ಪ ಹೇಳಿದ್ದು ನಿಜ. ಬ್ರಾಹ್ಮನ್ ಎಂಬ ಅಮೆರಿಕದ ತಳಿಯನ್ನು ಕಟ್ಟಿದ್ದು ಭಾರತ ಮೂಲದ ದನಗಳಿಂದ. ಕೆಲವು ನೇರವಾಗಿ ಹೋದವು, ಕೆಲವು ಬ್ರೆಜಿಲ್ ದಾರಿಯಾಗಿ. ಗಿರ್, ಕಾಂಕ್ರೇಜ್, ಓಂಗೋಲ್ ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ. ಬಿಸಿಲು ತಡೆಯುತ್ತವೆ, ಉಣ್ಣೆ ಹುಳುವಿನ ಕಾಟಕ್ಕೆ ಜಗ್ಗುವುದಿಲ್ಲ ಅಂತ ಟೆಕ್ಸಸ್‌ನವರು ಅವನ್ನು ಬೆಳೆಸಿದರು. ಜಮಖಂಡಿಯ ರೈತ ಸಾವಿರಾರು ಮೈಲಿ ದೂರದಲ್ಲಿ ಡುಬ್ಬ ನೋಡಿ ಗುರುತು ಹಿಡಿದ! ಆಮೇಲೆ ಹಿಂಡಿಯ ರೇಟು ಕೇಳಿದರಂತೆ, ಹೋರಿಯ ಹಲ್ಲು ನೋಡಿದರಂತೆ, ಇಬ್ಬರೂ ಭಾಷೆ ಬಾರದೆ ಕೈಸನ್ನೆಯಲ್ಲೇ ಬೇಲಿ ಹತ್ತಿರ ಒಂದು ಗಂಟೆ ನಿಂತಿದ್ದರಂತೆ. ದನ ಕಾಯುವವನನ್ನು ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ ಅಂತ ಅಣ್ಣ ಹೆದರಿಸಿದ್ದು ಈ ಮನುಷ್ಯನ ಬಗ್ಗೆಯೇ? ಅವರು ಒಪ್ಪುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ದಿನ ಅವರ ಎದುರಿಗೆ ಯಾರು ನಿಂತಿದ್ದಾನೆ ಅಂತ ಅವರಿಗೆ ಯಾರೂ ಹೇಳಲೇ ಇಲ್ಲ ಅಲ್ವಾ? ಹೇಳಿದ್ದರೆ ಅವನನ್ನು ಇನ್ನೂ ಹತ್ತಿರದಿಂದ ನೋಡುತ್ತಿದ್ದರು.

ಇನ್ನು ಅವನು ಕರೆದಿರುವ ಡ್ಯಾನ್ಸ್. ಆನ್ಸನ್ ಪುಟ್ಟ ಊರು, ಅಬಿಲೀನ್ ನಗರದಿಂದ 24 ಮೈಲಿ ಉತ್ತರಕ್ಕಿದೆ. ಅಲ್ಲಿ ಕೌಬಾಯ್‌ಗಳ ಕ್ರಿಸ್‌ಮಸ್ ಕುಣಿತ ಶುರುವಾಗಿದ್ದು 1885ರಲ್ಲಿ, ಒಂದು ಹೋಟೆಲಿನಲ್ಲಿ. ನಡುವೆ ನಿಂತುಹೋಗಿದ್ದನ್ನು 1934ರಲ್ಲಿ ಲಿಯೊನೋರಾ ಬ್ಯಾರೆಟ್ ಎಂಬ ಶಿಕ್ಷಕಿ ಮತ್ತೆ ಆರಂಭಿಸಿದರು. ಈಗ ಪಯೋನಿಯರ್ ಹಾಲ್‌ನಲ್ಲಿ, ಕ್ರಿಸ್‌ಮಸ್‌ಗೆ ಮುಂಚೆ ಮೂರು ರಾತ್ರಿ ನಡೆಯುತ್ತದೆ. ಕುಣಿಯುವ ಜಾಗಕ್ಕೆ ಗಂಡಸರು ಹ್ಯಾಟ್ ಹಾಕಿಕೊಂಡು ಬರುವಂತಿಲ್ಲ, ಹೆಂಗಸರು ಪ್ಯಾಂಟ್ ಹಾಕುವಂತಿಲ್ಲ. ಇದೇ ಊರಿನಲ್ಲಿ 1933ರಿಂದ ಸಾರ್ವಜನಿಕವಾಗಿ ಕುಣಿಯುವುದಕ್ಕೇ ನಿಷೇಧವಿತ್ತು, ಅದು ಸಡಿಲಾಗಿದ್ದು 1987ರಲ್ಲಿ. ಅಷ್ಟೂ ವರ್ಷ ಈ ಕ್ರಿಸ್‌ಮಸ್ ಕುಣಿತಕ್ಕೆ ಮಾತ್ರ ವಿನಾಯಿತಿ. ನೀವೂ ಅವನಿಗೆ ಅಂಥದ್ದೇ ವಿನಾಯಿತಿ ಕೊಟ್ಟಿದ್ದಿರಿ ಡಾಕ್ಟರೇ. ನಾಲ್ಕು ಗೋಡೆಯೊಳಗೆ ಸರಿ, ಅಪ್ಪ ಅವ್ವನ ಮುಂದೆ ಇಲ್ಲ. ಈಗ ಅವನು ಊರಿನವರೆಲ್ಲ ನೆರೆಯುವ ಜಾಗಕ್ಕೆ ಕರೆಯುತ್ತಿದ್ದಾನೆ. ಮನೆಗೆ ಬಾ ಅನ್ನಲಿಲ್ಲ, ಕಾಫಿಗೆ ಸಿಗು ಅನ್ನಲಿಲ್ಲ. ಎಲ್ಲರೆದುರು ತನ್ನ ಪಕ್ಕದಲ್ಲಿ ನಿಲ್ಲುತ್ತೀರಾ ಅಂತ ಕೇಳಿದ್ದಾನೆ. ಮಾತು ಬರದವನು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಕೇಳಬೇಕು?

"ಅಷ್ಟು ಪ್ರೀತಿ ಇದ್ದರೆ ಅವನೇ ಡಾಲಸ್‌ಗೆ ಬರಬಹುದಿತ್ತು" ಎಂದೂ ಬರೆದಿದ್ದೀರಿ. ಮೂರು ಗಂಟೆಯ ದಾರಿ ನಿಜ. ಆದರೆ ಚಳಿಗಾಲದಲ್ಲಿ ದನಗಳಿಗೆ ದಿನಾ ಮೇವು ಹೋಗಬೇಕು, ತೊಟ್ಟಿಯ ನೀರು ಹೆಪ್ಪುಗಟ್ಟಿದರೆ ಕೊಡಲಿಯಿಂದ ಒಡೆಯಬೇಕು. ಕ್ರಿಸ್‌ಮಸ್ ದಿನವೂ ಅದಕ್ಕೆ ರಜೆಯಿಲ್ಲ. ನಿಮ್ಮ ಡ್ಯೂಟಿಗೆ ಇರುವ ಗೌರವ ಅವನ ಡ್ಯೂಟಿಗೂ ಇರಲಿ. ಮುಂದೆ ಎಲ್ಲಿರಬೇಕು, ನಿಮ್ಮ ಕೆಲಸ ಏನಾಗಬೇಕು ಅನ್ನುವುದನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ. ಡಾಕ್ಟರಿಕೆ ಬಿಡುವ ಮಾತಂತೂ ಬೇಡವೇ ಬೇಡ. ಗ್ರಾಮೀಣ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚಿರುವ ರಾಜ್ಯ ಅದು, ಒಳ್ಳೆಯ ವೈದ್ಯರನ್ನು ಅಲ್ಲಿ ಬೇಡ ಅನ್ನುವವರಿಲ್ಲ. ಆ ಡ್ಯಾನ್ಸಿನ ರಾತ್ರಿ ಯಾವ ತೀರ್ಮಾನವನ್ನೂ ಮಾಡಬೇಡಿ. ಹಬ್ಬದ ದಿನ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಜನವರಿಯಲ್ಲಿ ಒಂದು ಮಂಗಳವಾರ ಹೋಗಿ, ಅವನು ಮೇವು ಹಾಕುವಾಗ ಪಕ್ಕದಲ್ಲಿ ಕೂತು ಮಾತಾಡಿ.

ನಿಮ್ಮ ಎರಡು ಪ್ರಶ್ನೆಗೆ ನನ್ನ ಉತ್ತರ ಒಂದೇ. ಆನ್ಸನ್‌ಗೆ ಕಾರು ಹತ್ತುವ ಮೊದಲು ಅಪ್ಪನಿಗೆ ಫೋನ್ ಮಾಡಿ. ಹಿಂಡಿ ಹಾಕಲು ಕರೆದುಕೊಂಡು ಹೋಗಿದ್ದನಲ್ಲ, ಅವನು ಬೇಲಿ ಕೆಲಸದವನಲ್ಲ, ನಾನು ಮೆಚ್ಚಿದವನು ಅಂತ ಹೇಳಿ, ಅವನ ಹೆಸರು ಹೇಳಿ. ಒಪ್ಪಿಗೆ ಕೇಳಬೇಡಿ, ಈಗ ಅದು ಬೇಕಿಲ್ಲ. ಬೈದರೆ ಬೈಸಿಕೊಳ್ಳಿ. ಆ ಫೋನ್ ಮಾಡಲು ಆಗದಿದ್ದರೆ ಡ್ಯಾನ್ಸಿಗೂ ಹೋಗಬೇಡಿ. ಇನ್ನೊಂದು ಸಲ ಅವನ ಕೈಯಲ್ಲಿ ಹ್ಯಾಟ್ ತೆಗೆಸಿ ಯೆಸ್ ಮ್ಯಾಮ್ ಅನ್ನಿಸಬೇಡಿ.

ನಿಮ್ಮ ಶನಿವಾರ ರಾತ್ರಿ ಎಂಟು ಗಂಟೆ ಎಂದರೆ ಜಮಖಂಡಿಯಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ಅಪ್ಪ ಚಹಾ ಕುಡಿದು ಕೂತಿರುತ್ತಾರೆ. ಅವ್ವನನ್ನೂ ಪಕ್ಕಕ್ಕೆ ಕರೆಯಲು ಹೇಳಿ. ಅಣ್ಣನನ್ನು ಆ ಕರೆಗೆ ಸೇರಿಸಬೇಡಿ.