29 ವಾರಕ್ಕೆ ಹುಟ್ಟಿದ ಮಗು: ಕಣ್ಣಿನ ರಕ್ತನಾಳ ಬೆಳೆಯೋದು ಹೇಗೆ, ಆಕ್ಸಿಜನ್ ಕೊಟ್ಟಿದ್ದು ತಪ್ಪಾ?

ನಿಮ್ಮ ಮಗು 29 ವಾರಕ್ಕೇ ಹುಟ್ಟಿದೆ. ಕಣ್ಣು ನೋಡಿದ ಡಾಕ್ಟರು "ರಕ್ತನಾಳ ಇನ್ನೂ ಅಂಚಿನವರೆಗೆ ಬಂದಿಲ್ಲ, ಎರಡು ವಾರ ಬಿಟ್ಟು ಮತ್ತೆ ನೋಡೋಣ" ಅಂದಿದ್ದಾರೆ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಆಕ್ಸಿಜನ್ ಕೊಟ್ಟಿದ್ದರಿಂದಲೇ ಹೀಗಾಯಿತಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಕಣ್ಣಿನ ಡಾಕ್ಟರಲ್ಲ. ಇಲಿಮರಿಗಳ ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ, ಬೆಳಕನ್ನು ಗ್ರಹಿಸುವ ಪದರ) ರಕ್ತನಾಳ ಬೆಳೆಯುವುದನ್ನು ಅಭ್ಯಾಸ ಮಾಡುವ ಲ್ಯಾಬಿನಲ್ಲಿ ಕೆಲವು ವರ್ಷ ಇದ್ದವಳು. ನಿಮ್ಮ ಮಗುವಿನ ಕಣ್ಣು ಹೇಗಿದೆ ಎಂದು ನಿಮ್ಮ ಡಾಕ್ಟರೇ ಹೇಳಬೇಕು. ನಾಳ ಬೆಳೆಯುವ ಬಗೆಯನ್ನು ಮಾತ್ರ ನಾನು ಹೇಳಬಲ್ಲೆ.

ಡಾಕ್ಟರು ಹೇಳಿದ್ದು ಇನ್ನೂ ರೋಗದ ಮಾತಲ್ಲ. 29 ವಾರಕ್ಕೆ ಯಾವ ಮಗುವಿನ ಕಣ್ಣಲ್ಲೂ ನಾಳಗಳು ರೆಟಿನಾದ ಅಂಚು ಮುಟ್ಟಿರುವುದಿಲ್ಲ. ಬಸಿರಿನ ಸುಮಾರು 16ನೇ ವಾರದವರೆಗೆ ರೆಟಿನಾಕ್ಕೆ ಸ್ವಂತ ನಾಳಗಳೇ ಇರುವುದಿಲ್ಲ. ಆಮೇಲೆ, ದೃಷ್ಟಿನರ ಕಣ್ಣಿಗೆ ಸೇರುವ ಜಾಗದಿಂದ ಹೊರಟು ಸುತ್ತಲೂ ಹರಡುತ್ತಾ ಹೋಗುತ್ತವೆ. ಮೂಗಿನ ಕಡೆಯ ಅಂಚು ಹತ್ತಿರ, 36ನೇ ವಾರದ ಸುಮಾರಿಗೆ ತಲುಪುತ್ತವೆ. ಕಿವಿಯ ಕಡೆಯದು ದೂರ, ಅಲ್ಲಿಗೆ ಹೋಗುವಷ್ಟರಲ್ಲಿ 40 ವಾರ ಆಗಿರುತ್ತದೆ. (ಅದಕ್ಕೂ ಮೊದಲು ಕಣ್ಣಿನ ನಡುವೆ ಹಾದು ಮಸೂರಕ್ಕೆ ರಕ್ತ ಕೊಡುವ ತಾತ್ಕಾಲಿಕ ನಾಳವೊಂದಿರುತ್ತದೆ. ಹುಟ್ಟುವ ಹೊತ್ತಿಗೆ ಅದು ಕರಗಿಹೋಗುತ್ತದೆ. ಕೆಲವರಲ್ಲಿ ಮಸೂರದ ಹಿಂದೆ ಒಂದು ಸಣ್ಣ ಚುಕ್ಕೆ ಉಳಿಯುತ್ತದೆ, ತೊಂದರೆಯಿಲ್ಲ.)

ಅಂಚಿನವರೆಗೆ ದಾರಿ ತೋರಿಸುವವರು ಯಾರು? ಇಲ್ಲಿ ಕೆಲಸ ಬೆಂಗಳೂರಿನ ಬಡಾವಣೆಗಳ ಹಾಗೆ: ಮೊದಲು ಮನೆಗಳು ಬರುತ್ತವೆ, ನೀರಿಗಾಗಿ ಗಲಾಟೆ ಶುರುವಾಗುತ್ತದೆ, ಪೈಪು ಬರುವುದು ಆಮೇಲೆ. ರೆಟಿನಾದ ನರಕೋಶಗಳು ಬಲಿತಂತೆ ಅವುಗಳಿಗೆ ಆಕ್ಸಿಜನ್ ಹೆಚ್ಚು ಬೇಕಾಗುತ್ತದೆ, ಆದರೆ ಅಲ್ಲಿ ನಾಳ ಇಲ್ಲ. ನಾಳಗಳಿಗಿಂತ ಮುಂಚೆಯೇ ಆಸ್ಟ್ರೋಸೈಟ್ ಅನ್ನುವ ಕೋಶಗಳು ಅಲ್ಲಿ ಬಲೆಯಂತೆ ಹರಡಿಕೊಂಡಿರುತ್ತವೆ. ಆಕ್ಸಿಜನ್ ಕೊರತೆ ತಟ್ಟಿದಾಗ ಅವು ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸುತ್ತವೆ. ನಾಳಗಳಿಗೆ ಅದೇ ಕರೆ. ಎಲ್ಲಿ ಕೊರತೆಯೋ ಅಲ್ಲಿಗೆ ಬೆಳೆಯುತ್ತವೆ.

ಇಲಿಮರಿ ಹುಟ್ಟಿದಾಗ ಅದರ ರೆಟಿನಾ ಹೆಚ್ಚುಕಡಿಮೆ ನಾಳವಿಲ್ಲದೇ ಇರುತ್ತದೆ. ನಮ್ಮಲ್ಲಿ ಗರ್ಭದೊಳಗೆ ಆಗುವುದು ಅಲ್ಲಿ ಹುಟ್ಟಿದ ಮೊದಲ ವಾರದಲ್ಲಿ ಆಗುತ್ತದೆ. ಹಾಗಾಗಿ ಐದು ದಿನದ ಮರಿಯ ರೆಟಿನಾ ಬಿಡಿಸಿ, ನಾಲ್ಕು ಕಡೆ ಕತ್ತರಿಸಿ, ಗಾಜಿನ ಮೇಲೆ ಚಪ್ಪಟೆಯಾಗಿ ಹರಡಿ, ನಾಳಗಳಿಗೆ ಮಾತ್ರ ಹೊಳೆಯುವ ಬಣ್ಣ ಹಾಕಿದರೆ ಅರ್ಧ ಹಾದಿಯಲ್ಲಿರುವ ಬೆಳವಣಿಗೆ ಸಿಗುತ್ತದೆ. ಮುಂಚೂಣಿಯಲ್ಲಿ ಒಂದೊಂದೇ ಕೋಶ, ಮೈತುಂಬ ಕೂದಲೆಳೆಗಿಂತ ತೆಳ್ಳಗಿನ ಎಳೆಗಳನ್ನು ಮುಂದೆ ಚಾಚಿಕೊಂಡು ನಿಂತಿರುತ್ತದೆ. ವಿಇಜಿಎಫ್ ಯಾವ ಕಡೆ ಹೆಚ್ಚು ಎಂದು ತಡವಿ ನೋಡುವ ತುದಿಕೋಶ ಅದು. ಹಿಂದಿನ ಕೋಶಗಳು ಒಂದು ಎರಡಾಗುತ್ತಾ ಸಂಖ್ಯೆಯಲ್ಲಿ ಹೆಚ್ಚಿ ಕೊಳವೆಯನ್ನು ಉದ್ದ ಮಾಡುತ್ತವೆ. ತುದಿಕೋಶ ಪಕ್ಕದ ಕೋಶಕ್ಕೆ "ನೀನು ತುದಿಯಾಗಬೇಡ" ಎಂಬ ಸಂಕೇತವನ್ನೂ ಕೊಡುತ್ತದೆ. ಅದನ್ನು ಔಷಧಿಯಿಂದ ತಡೆದರೆ ಎಲ್ಲವೂ ತುದಿಯಾಗಲು ಹೊರಟು, ದಟ್ಟವಾದ, ಕೆಲಸಕ್ಕೆ ಬಾರದ ಗೋಜಲು ಬೆಳೆಯುತ್ತದೆ.

ಅದೇ ಸ್ಲೈಡಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಬೇರೆ. ಅಪಧಮನಿಗಳ (ಆಕ್ಸಿಜನ್ ತುಂಬಿದ ರಕ್ತ ತರುವ ನಾಳಗಳು) ಎರಡೂ ಪಕ್ಕ ಒಂದು ಖಾಲಿ ಪಟ್ಟಿ ಇರುತ್ತದೆ, ಸಣ್ಣ ನಾಳಗಳೇ ಇಲ್ಲ. ಅಲ್ಲಿ ಆಕ್ಸಿಜನ್ ಸಾಕಷ್ಟಿದೆ, ಕರೆ ಇಲ್ಲ, ಬೆಳೆದಿದ್ದ ಎಳೆಯ ನಾಳಗಳೂ ಉದುರಿಹೋಗಿವೆ. ಹೆಚ್ಚು ಬೆಳೆದು, ಬೇಡದ್ದನ್ನು ಕಳಚುವುದು ಈ ಬಲೆಯ ಸಹಜ ರೀತಿ.

ನಿಮ್ಮ ಪ್ರಶ್ನೆಯ ಉತ್ತರ ಆ ಖಾಲಿ ಪಟ್ಟಿಯಲ್ಲೇ ಇದೆ. ಗರ್ಭದಲ್ಲಿ ಮಗುವಿನ ರಕ್ತದ ಆಕ್ಸಿಜನ್ ಮಟ್ಟ ನಮ್ಮದಕ್ಕಿಂತ ತುಂಬ ಕಡಿಮೆ. ಬೇಗ ಹುಟ್ಟಿದರೆ ಬರೀ ಗಾಳಿಯೇ ಆ ಕಣ್ಣಿಗೆ ಅತಿಯಾಗುತ್ತದೆ, ಮೇಲೆ ಆಕ್ಸಿಜನ್ ಕೊಟ್ಟರೆ ಇನ್ನೂ ಹೆಚ್ಚು. ಕರೆ ನಿಲ್ಲುತ್ತದೆ, ನಾಳಗಳ ಬೆಳವಣಿಗೆಯೂ ನಿಲ್ಲುತ್ತದೆ. ಜೊತೆಗೆ ತಾಯಿಯ ಒಡಲಲ್ಲಿ ಸಿಗುತ್ತಿದ್ದ ಐಜಿಎಫ್-1 ಎಂಬ ಬೆಳವಣಿಗೆಯ ಅಂಶವೂ ಕಡಿಮೆಯಾಗುತ್ತದೆ. (ಮಗುವಿನ ತೂಕ ಏರುತ್ತಿದೆಯಾ ಎಂದು ಕಣ್ಣಿನವರೂ ಕೇಳುವುದು ಇದಕ್ಕೇ.) ಕೆಲವು ವಾರ ಕಳೆದು ನರಕೋಶಗಳು ಬಲಿತಾಗ, ನಾಳವಿಲ್ಲದ ಭಾಗ ಒಮ್ಮೆಲೇ ವಿಪರೀತ ವಿಇಜಿಎಫ್ ಸುರಿಸುತ್ತದೆ. ಆಗ ನಾಳಗಳು ಅಡ್ಡಾದಿಡ್ಡಿ ಬೆಳೆದು ಕಣ್ಣಿನೊಳಗಿನ ಲೋಳೆಗೆ ನುಗ್ಗಬಹುದು, ಕೊನೆಗೆ ರೆಟಿನಾವನ್ನೇ ಎಳೆದು ಕೀಳಬಹುದು. ಅದೇ ಆರ್‌ಒಪಿ, ಅಂದರೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ, ಅವಧಿಗೆ ಮುನ್ನ ಹುಟ್ಟಿದವರ ರೆಟಿನಾದ ರೋಗ.

ಹಾಗಾದರೆ ಆಕ್ಸಿಜನ್ ತಪ್ಪೇ? ಅಲ್ಲ, ಮತ್ತು ಈ ಪಾಠಕ್ಕೆ ಬೆಲೆ ತೆತ್ತಾಗಿದೆ. ಬಾಸ್ಟನ್‌ನ ಕಣ್ಣಿನ ಡಾಕ್ಟರ್ ಥಿಯೊಡೋರ್ ಟೆರಿ 1942ರಲ್ಲಿ ಈ ರೋಗವನ್ನು ವರದಿ ಮಾಡಿದರು. 1951ರಲ್ಲಿ ಮೆಲ್ಬರ್ನ್‌ನ ಮಕ್ಕಳ ಡಾಕ್ಟರ್ ಕೇಟ್ ಕ್ಯಾಂಪ್‌ಬೆಲ್ ಆಕ್ಸಿಜನ್ ಕಡೆ ಬೆರಳು ತೋರಿಸಿದರು. 1950ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಗಾಯಕ ಸ್ಟೀವಿ ವಂಡರ್ ದೃಷ್ಟಿ ಕಳೆದುಕೊಂಡದ್ದು ಇದರಿಂದಲೇ. ಆಮೇಲೆ ಆಸ್ಪತ್ರೆಗಳು ಆಕ್ಸಿಜನ್ ಬಿಗಿಹಿಡಿದವು. ಕುರುಡು ಇಳಿಯಿತು, ಆದರೆ ಉಸಿರು ಸಾಲದೆ ಸತ್ತ ಶಿಶುಗಳು ಹೆಚ್ಚಾದವು. 2010ರಲ್ಲಿ ಪ್ರಕಟವಾದ ದೊಡ್ಡ ಅಮೆರಿಕನ್ ಪ್ರಯೋಗದಲ್ಲೂ, 28 ವಾರಕ್ಕೂ ಮೊದಲು ಹುಟ್ಟಿದವರನ್ನು 85–89 ಪ್ರತಿಶತ ಸ್ಯಾಚುರೇಷನ್‌ನಲ್ಲಿ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಇಟ್ಟಾಗ ತೀವ್ರ ಆರ್‌ಒಪಿ ಕಡಿಮೆಯಾಯಿತು, ಸಾವು 91–95ರ ಗುಂಪಿಗಿಂತ ಹೆಚ್ಚಾಯಿತು. ಮಗು ಬದುಕಲು ಆಕ್ಸಿಜನ್ ಬೇಕಿತ್ತು, ಕೊಟ್ಟರು. ದಯವಿಟ್ಟು ನೀವಾಗಲಿ ಮನೆಯವರಾಗಲಿ ಅದಕ್ಕಾಗಿ ಕೊರಗಬೇಡಿ.

ಈಗ ನಿಮ್ಮ ಕೈಲಿರುವುದು ಮುಂದಿನ ತಪಾಸಣೆ ಮಾತ್ರ. ಅನೇಕ ಮಕ್ಕಳಲ್ಲಿ ನಾಳಗಳು ತಾವಾಗಿಯೇ ಅಂಚು ಮುಟ್ಟುತ್ತವೆ, ಚಿಕಿತ್ಸೆಯೇ ಬೇಕಾಗುವುದಿಲ್ಲ. ಬೇಕಾದರೆ ನಾಳವಿಲ್ಲದ ಭಾಗಕ್ಕೆ ಲೇಸರ್ ಹಾಕಿ ಅಲ್ಲಿಂದ ಬರುವ ಕರೆಯನ್ನೇ ನಿಲ್ಲಿಸುತ್ತಾರೆ, ಅಥವಾ ವಿಇಜಿಎಫ್ ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ಇಂಜೆಕ್ಷನ್ ಆದರೆ ತಿಂಗಳುಗಟ್ಟಲೆ ಗಮನಿಸುತ್ತಿರಬೇಕು, ರೋಗ ಮರಳಬಹುದು. ನೀವು ಜಿಲ್ಲಾ ಕೇಂದ್ರದಲ್ಲಿದ್ದರೆ 2008ರಲ್ಲಿ ನಾರಾಯಣ ನೇತ್ರಾಲಯ ಶುರುಮಾಡಿದ ಕಿಡ್‌ರಾಪ್ ಎಂಬ ಆರ್‌ಒಪಿ ತಪಾಸಣೆಯ ಯೋಜನೆ ಬಗ್ಗೆ ವಿಚಾರಿಸಿ. ತರಬೇತಾದ ಸಿಬ್ಬಂದಿ ಕ್ಯಾಮೆರಾ ಹಿಡಿದು ಊರೂರಿನ ಎನ್‌ಐಸಿಯುಗಳಿಗೆ ಹೋಗಿ ರೆಟಿನಾದ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನ ತಜ್ಞರು ನೋಡುತ್ತಾರೆ.

ಮುಂದಿನ ಸಲ ಮೂರು ಮಾತು ಕೇಳಿ ಬರೆದಿಟ್ಟುಕೊಳ್ಳಿ: ಝೋನ್ ಯಾವುದು (ರೆಟಿನಾದ ಯಾವ ಭಾಗ), ಸ್ಟೇಜ್ ಎಷ್ಟು (ರೋಗ ಎಷ್ಟು ಮುಂದುವರಿದಿದೆ), ಪ್ಲಸ್ ಇದೆಯಾ (ನಾಳಗಳು ಉಬ್ಬಿ ಸುತ್ತಿಕೊಂಡಿವೆಯಾ). ನಡುವೆ ಡಿಸ್ಚಾರ್ಜ್ ಆದರೂ, ಮನೆಗೆ ನೆಂಟರು ಬಂದರೂ, ಬಾಣಂತನ ಅಂತ ಯಾರು ತಡೆದರೂ ತಾರೀಖು ತಪ್ಪಿಸಬೇಡಿ. ಹೊರಗಿನಿಂದ ಮಗುವಿನ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ, ಅದನ್ನು ನೋಡಿ ಏನನ್ನೂ ತೀರ್ಮಾನಿಸಲು ಆಗದು.