ದಾದರ್‌ನಲ್ಲಿ ಶರಾವತಿ ಎಕ್ಸ್‌ಪ್ರೆಸ್ ಹಿಡಿಯುವುದು: ಪ್ರತಿಕ್ರಿಯೆ

ಮುಂಬೈಯ ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ಬಂದು ದಾದರ್‌ನಲ್ಲಿ ಮೈಸೂರಿನ ಶರಾವತಿ ಎಕ್ಸ್‌ಪ್ರೆಸ್ ಹಿಡಿಯಲು ನಿಲ್ದಾಣದ ಹೊರಗೆ ಹೋಗಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ, ನೀವು ಇಳಿಯುವ ಪಶ್ಚಿಮ ರೈಲ್ವೆಯ ಭಾಗದಿಂದ ಮೇಲ್ಸೇತುವೆ ಹತ್ತಿ ಪೂರ್ವಕ್ಕೆ ನಡೆದರೆ ಶರಾವತಿ ಹೊರಡುವ ಮಧ್ಯ ರೈಲ್ವೆಯ ಭಾಗ ಸಿಗುತ್ತದೆ. 1853ರಲ್ಲಿ ಬೋರಿಬಂದರ್–ಠಾಣೆ ಮಾರ್ಗ ಆರಂಭಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯೂ, ಆಮೇಲೆ ಪಕ್ಕದಲ್ಲೇ ಹಳಿ ಹಾಕಿದ ಬಾಂಬೆ ಬರೋಡಾ ಕಂಪನಿಯೂ ಬೇರೆ ಬೇರೆಯಾಗಿದ್ದುದರ ಫಲವಾಗಿ ಇಲ್ಲಿ ಎರಡು ನಿಲ್ದಾಣಗಳು ಬೆಳೆದವು. ಎರಡರಲ್ಲೂ ಪ್ಲಾಟ್‌ಫಾರ್ಮ್ ಎಣಿಕೆ ಒಂದರಿಂದಲೇ ಶುರುವಾಗುತ್ತಿದ್ದುದರಿಂದ ಹೊಸಬರು ದಾರಿ ತಪ್ಪುತ್ತಿದ್ದರು. 2023ರ ಡಿಸೆಂಬರ್‌ನಲ್ಲಿ ಪಶ್ಚಿಮ ರೈಲ್ವೆಗೆ 1ರಿಂದ 7, ಮಧ್ಯ ರೈಲ್ವೆಗೆ 8ರಿಂದ 14 ಎಂದು ಒಂದೇ ಸರಣಿ ಮಾಡಿದ್ದಾರೆ. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಆದ್ದರಿಂದ ಬಂಧುಗಳು ಹೇಳುವ ಹಳೆಯ ಸಂಖ್ಯೆಯನ್ನು ನಂಬಬೇಡಿ, ಫಲಕವನ್ನೇ ನೋಡಿ. ಸಂಜೆ ನಿಮ್ಮ ಲೋಕಲ್‌ನಲ್ಲಿ ಜಾಗವಿದ್ದರೂ ಮೇಲ್ಸೇತುವೆ ಕಿಕ್ಕಿರಿದಿರುತ್ತದೆ. ಸಾಮಾನು ಇದ್ದರೆ ಮುಕ್ಕಾಲು ಗಂಟೆ ಮೊದಲೇ ದಾದರ್ ತಲುಪಿರಿ.