ಲೂಯಿಸ್ ಸೀಗರ್‌ಗೆ ಅಷ್ಟು ಜಾಗ ಯಾಕೆ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಅಮೆರಿಕದ ಹಳ್ಳಿಸೊಗಡಿನ ‘ಕಂಟ್ರಿ’ ಸಂಗೀತದ ಗಾಯಕಿ ಪ್ಯಾಟ್ಸಿ ಕ್ಲೈನ್ ಅವರ ಅಭಿಮಾನಿ ಲೂಯಿಸ್ ಸೀಗರ್ ಅವರನ್ನು ನೆನೆದು ಬರೆದ ಲೇಖನಕ್ಕೆ ನೀವು ತಕರಾರು ತೆಗೆದಿದ್ದೀರಿ. ‘ಆಕೆ ಹಾಡಲಿಲ್ಲ, ವಾದ್ಯ ನುಡಿಸಲಿಲ್ಲ. ಗಾಯಕಿಯನ್ನು ಮನೆಗೆ ಕರೆದು ಊಟ ಹಾಕಿದ್ದೇ ಸಾಧನೆಯಾ? ಆ ಜಾಗದಲ್ಲಿ ಪ್ಯಾಟ್ಸಿ ಕ್ಲೈನ್ ಬಗ್ಗೆಯೇ ಬರೆಯಬಹುದಿತ್ತಲ್ಲ’ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಆದರೆ ನಾನು ಒಪ್ಪುವುದಿಲ್ಲ.

ಲೂಯಿಸ್ ಟೆಕ್ಸಾಸ್‌ನ ಹ್ಯೂಸ್ಟನ್‌ನವರು. ಗಂಡನಿಂದ ಬೇರೆಯಾಗಿ ಮಕ್ಕಳನ್ನು ಸಾಕುತ್ತಿದ್ದ ಸಾಮಾನ್ಯ ಹೆಂಗಸು. 1957ರಲ್ಲಿ ಆರ್ಥರ್ ಗಾಡ್‌ಫ್ರೆ ನಡೆಸುತ್ತಿದ್ದ ಟಿವಿ ಕಾರ್ಯಕ್ರಮದಲ್ಲಿ ಪ್ಯಾಟ್ಸಿಯ ದನಿ ಕೇಳಿ ಮನಸೋತರು. ಆಮೇಲೆ ಊರಿನ ರೇಡಿಯೋ ಸ್ಟೇಷನ್ನಿಗೆ ಫೋನ್ ಮೇಲೆ ಫೋನ್. ಪ್ಯಾಟ್ಸಿ ಹಾಡು ಹಾಕಿ, ಇನ್ನೊಂದ್ಸಲ ಹಾಕಿ. ಇದನ್ನು ಬರೀ ಹುಚ್ಚು ಅಂದುಬಿಡಬೇಡಿ. ಯಾರಾದರೂ ಕೇಳಿದರೆ ತಾನೇ ರೇಡಿಯೋದಲ್ಲಿ ಹಾಡು ಹಾಕುವ ಡಿಜೆ ಆ ರೆಕಾರ್ಡನ್ನು ಮತ್ತೆ ಕೈಗೆತ್ತಿಕೊಳ್ಳುವುದು? 1957ರಲ್ಲಿ ಮೊದಲ ಹಿಟ್ ಹಾಡು ಸಿಕ್ಕ ನಂತರ 1961ರವರೆಗೂ ಪ್ಯಾಟ್ಸಿಗೆ ಇನ್ನೊಂದು ದೊಡ್ಡ ಹಿಟ್ ಸಿಗಲಿಲ್ಲ. ಆ ಬರಗಾಲದಲ್ಲೂ ಲೂಯಿಸ್ ಕೈಬಿಡಲಿಲ್ಲ.

1961ರಲ್ಲಿ ಪ್ಯಾಟ್ಸಿ ಹ್ಯೂಸ್ಟನ್ನಿನ ಎಸ್ಕ್ವೈರ್ ಬಾಲ್‌ರೂಮ್ ಎಂಬ ನೃತ್ಯಮಂದಿರಕ್ಕೆ ಹಾಡಲು ಬಂದರು. ಲೂಯಿಸ್ ತುಂಬಾ ಮೊದಲೇ ಹೋಗಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಪ್ಯಾಟ್ಸಿ ಒಬ್ಬರೇ ಒಳಗೆ ಬಂದರು. ಜೊತೆಗೆ ಮ್ಯಾನೇಜರ್ ಇಲ್ಲ, ಸ್ವಂತ ಬ್ಯಾಂಡ್ ಇಲ್ಲ. ಆಗೆಲ್ಲ ಹಾಗೇ. ಗಾಯಕಿ ಊರೂರು ಸುತ್ತಬೇಕು, ಹೋದಲ್ಲಿ ಸಿಕ್ಕ ವಾದ್ಯದವರ ಜೊತೆ ಹಾಡಬೇಕು. ಪ್ಯಾಟ್ಸಿಯ ಹಾಡಿಗೆ ಅದು ದೊಡ್ಡ ಕಷ್ಟ. ಆಕೆ ಪದವನ್ನು ತಾಳಕ್ಕಿಂತ ಚೂರು ಹಿಂದೆ ಎಳೆದು, ತಡೆದು ಬಿಡುತ್ತಿದ್ದರು. ಡ್ರಮ್ಮಿನವನು ಅವಸರಪಟ್ಟನೋ, ಆ ಎಳೆತವೆಲ್ಲ ಹಾಳು.

ಲೂಯಿಸ್ ಹೇಳಿದ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ ಭಾಗ. ಆ ರಾತ್ರಿ ಡ್ರಮ್ಮಿನವನು ಲಯ ಓಡಿಸದಂತೆ ನೋಡಿಕೊಂಡಿದ್ದು ಲೂಯಿಸ್. ಬ್ಯಾಂಡಿನವರಿಗಿಂತ ಚೆನ್ನಾಗಿ ಆ ಹಾಡುಗಳ ನಡೆ ಗೊತ್ತಿದ್ದದ್ದು ವರ್ಷಗಟ್ಟಲೆ ಕೇಳಿದ ಈ ಹೆಂಗಸಿಗೆ! ವಾದ್ಯ ನುಡಿಸಲಿಲ್ಲ ಅಂದಿರಿ. ನುಡಿಸುವವರನ್ನು ಹದದಲ್ಲಿ ಹಿಡಿಯುವಷ್ಟು ಕಿವಿ ಇತ್ತಲ್ಲ, ಅದು ಸಣ್ಣದಾ?

ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಲೂಯಿಸ್ ಮನೆಗೆ ಹೋದರು. ಅಡುಗೆಮನೆಯಲ್ಲಿ ಬೇಕನ್, ಮೊಟ್ಟೆ. ಮಕ್ಕಳು, ಮದುವೆ, ಮನಸ್ಸಿನ ನೋವು ಅಂತ ಸರಿರಾತ್ರಿಯ ನಂತರವೂ ಮಾತು. ಎಷ್ಟೋ ಅಭಿಮಾನಿಗಳಿಗೆ ಒಂದು ಹಸ್ತಾಕ್ಷರ ಸಿಕ್ಕರೆ ಹೆಚ್ಚು. ಲೂಯಿಸ್‌ಗೆ ಪತ್ರಗಳೇ ಬರತೊಡಗಿದವು, ಅದೂ ಪ್ಯಾಟ್ಸಿ ತಾವಾಗಿಯೇ ಬರೆದದ್ದು. ಹೆಸರು ದೊಡ್ಡದಾದ ಮೇಲೂ ಬರೆಯುತ್ತಲೇ ಇದ್ದರು. ಒಬ್ಬರೇ ಊರೂರು ಸುತ್ತುವ ಹೆಣ್ಣಿಗೆ ಹೇಳಿಕೊಳ್ಳಲು ಒಬ್ಬರು ಬೇಕಿತ್ತು ಅಂತ ನನಗನಿಸುತ್ತದೆ.

1963ರ ಮಾರ್ಚ್ 5ರಂದು ಟೆನೆಸ್ಸಿಯ ಕ್ಯಾಮ್ಡೆನ್ ಹತ್ತಿರ ಸಣ್ಣ ವಿಮಾನ ಬಿದ್ದು ಪ್ಯಾಟ್ಸಿ ತೀರಿಕೊಂಡರು. ಆಗ ವಯಸ್ಸು ಬರೀ 30. ಲೂಯಿಸ್ ಆ ಗೆಳೆತನವನ್ನು ಜೋಪಾನ ಮಾಡಿ ಇಟ್ಟುಕೊಂಡರು. 1988ರಲ್ಲಿ ನಾಟಕಕಾರ ಟೆಡ್ ಸ್ವಿಂಡ್ಲಿ ಅದನ್ನೇ ‘ಆಲ್ವೇಸ್... ಪ್ಯಾಟ್ಸಿ ಕ್ಲೈನ್’ ಎಂಬ ಸಂಗೀತ ನಾಟಕ ಮಾಡಿದರು. ಪ್ಯಾಟ್ಸಿ ಪತ್ರದ ಕೊನೆಗೆ ಹಾಕುತ್ತಿದ್ದ ಒಕ್ಕಣೆಯೇ ಅದರ ಹೆಸರು. ನಾಟಕದಲ್ಲಿ ಎರಡೇ ಪಾತ್ರ. ಒಬ್ಬಾಕೆ ಹಾಡುತ್ತಾಳೆ, ಇನ್ನೊಬ್ಬಾಕೆ ಕಥೆ ಹೇಳುತ್ತಾಳೆ. ಕಥೆ ಹೇಳುವಾಕೆ ಲೂಯಿಸ್.

ನಿಮಗೊಂದು ಕೋರಿಕೆ. ವಿಲ್ಲಿ ನೆಲ್ಸನ್ ಬರೆದು ಪ್ಯಾಟ್ಸಿ ಹಾಡಿರುವ ‘ಕ್ರೇಜಿ’ಯನ್ನು ಪುರುಸೊತ್ತಿನಲ್ಲಿ ಕೇಳಿ. ಮೊದಲ ಸಲ ದನಿ ಮಾತ್ರ ಕೇಳಿ, ಎರಡನೇ ಸಲ ಡ್ರಮ್ಮಿನ ಕಡೆ ಕಿವಿ ಕೊಡಿ. ಏನನಿಸಿತು ಅಂತ ಬರೆಯಿರಿ. ನನ್ನ ಮಾತನ್ನು ಒಪ್ಪದಿದ್ದರೂ ಸರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ